ಒಂದು ಪಾಸ್, 21 ದೇಶ, ಮನೆಯವರಿಲ್ಲದ ರಜೆ

ಬೇಸಿಗೆ ರಜೆ. ಮನೆಮಂದಿಯೆಲ್ಲ ಹೊರಟಿದ್ದಾರೆ, ಹದಿನೇಳರ ಮಗ ಮಾತ್ರ ‘ನಾನು ಫ್ರೆಂಡ್ಸ್ ಜೊತೆ ಹೋಗ್ತೀನಿ’ ಅಂತಾನೆ. ಈ ಜಗಳಕ್ಕೂ ಒಂದು ಇತಿಹಾಸ ಇದೆ. ಯುರೋಪಿನಲ್ಲಂತೂ ಅದು ರೈಲು ಟಿಕೆಟ್‌ನ ಕಥೆ.

1936ರಲ್ಲಿ ಫ್ರಾನ್ಸ್‌ನ ಲಿಯಾನ್ ಬ್ಲೂಮ್ ಸರ್ಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕೊಟ್ಟಿತು. ಕಿರಿಯ ಮಂತ್ರಿ ಲಿಯೊ ಲಗ್ರಾಂಜ್ ರೈಲು ದರದಲ್ಲಿ ಶೇ 40 ರಿಯಾಯಿತಿ ಕೊಡಿಸಿದರು. ಎಷ್ಟೋ ಕುಟುಂಬಗಳು ಮೊದಲ ಸಲ ಸಮುದ್ರ ನೋಡಿದ್ದು ಆಗಲೇ. ಅಪ್ಪ, ಅಮ್ಮ, ಮಕ್ಕಳು, ಬುತ್ತಿ ಎಲ್ಲ ಒಂದೇ ಬೋಗಿಯಲ್ಲಿ.

ಈಗ 1972ಕ್ಕೆ ಬನ್ನಿ. ಅಂತಾರಾಷ್ಟ್ರೀಯ ರೈಲ್ವೆ ಒಕ್ಕೂಟಕ್ಕೆ 50 ತುಂಬಿತ್ತು. ಆ ಖುಷಿಗೆ ಇಂಟರ್‌ರೈಲ್ ಅನ್ನೋ ಪಾಸ್ ಬಂತು. 21 ವರ್ಷದೊಳಗಿನವರಿಗೆ 21 ದೇಶ, ಒಂದು ತಿಂಗಳು, ಸೆಕೆಂಡ್ ಕ್ಲಾಸ್. ಸ್ವಂತ ದೇಶದಲ್ಲಿ ಮಾತ್ರ ಅರ್ಧ ಚಾರ್ಜ್ ಕೊಡಬೇಕಿತ್ತು. ಒಂದೇ ವರ್ಷದ ಆಫರ್ ಅಂದ್ಕೊಂಡಿದ್ದರು, ಆದ್ರೆ ಹುಡುಗರು ಬಿಡಲಿಲ್ಲ.

ಹೋಟೆಲ್‌ಗೆ ದುಡ್ಡಿಲ್ವಾ? ರಾತ್ರಿ ರೈಲು ಹತ್ತಿ ಮಲಗು, ಬೆಳಗ್ಗೆ ಬೇರೆ ದೇಶದಲ್ಲಿ ಏಳು. ಮೊಬೈಲ್ ಇಲ್ಲ, ಲೈವ್ ಲೊಕೇಶನ್ ಇಲ್ಲ. ಮನೆಗೆ ಪೋಸ್ಟ್‌ಕಾರ್ಡ್ ತಲುಪೋ ಹೊತ್ತಿಗೆ ಮಗಳು ಇನ್ನೆರಡು ಗಡಿ ದಾಟಿರ್ತಿದ್ದಳು. ಧೈರ್ಯ ಮಕ್ಕಳದ್ದಾ, ಕಳಿಸಿದವರದ್ದಾ? ನನಗಂತೂ ಕಳಿಸಿದವರದ್ದೇ ಹೆಚ್ಚು ಅನ್ಸುತ್ತೆ.

1979ರಲ್ಲಿ ವಯೋಮಿತಿ 26ಕ್ಕೆ ಏರಿತು, 1998ರಲ್ಲಿ ಪೂರ್ತಿ ಹೋಯ್ತು. ಅಂದ್ರೆ ಅಪ್ಪ-ಅಮ್ಮನೂ ಈಗ ಅದೇ ಪಾಸ್ ತಗೊಂಡು ಹತ್ತಬಹುದು. ಮಗ ಪಕ್ಕದ ಸೀಟಲ್ಲಿ ಕೂರ್ತಾನಾ? ಅದು ಬೇರೆ ಮಾತು.