ಬೆಳ್ಳಿತೆರೆಯ ಉಪದೇಶ: ಭಾವೈಕ್ಯ ಚಿತ್ರಗಳ ಎಂಟು ದಶಕ

ಸಿನಿಮಾದಲ್ಲಿ ಉಪದೇಶ ಆರಂಭವಾದರೆ ಪ್ರೇಕ್ಷಕನಿಗೆ ಕೂಡಲೇ ಗೊತ್ತಾಗುತ್ತದೆ. ಅಲ್ಲಿಯವರೆಗೆ ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತಿದ್ದ ಪಾತ್ರಗಳು ನಮ್ಮ ಕಡೆಗೆ ತಿರುಗಿ ಮಾತನಾಡತೊಡಗುತ್ತವೆ. ಹಿನ್ನೆಲೆ ಸಂಗೀತ ಏರುತ್ತದೆ. ಕತ್ತಿ, ದೊಣ್ಣೆ ಹಿಡಿದು ಓಡಿಬಂದ ಗುಂಪು ನಾಯಕನ ಭಾಷಣ ಮುಗಿಯುವವರೆಗೆ ತಾಳ್ಮೆಯಿಂದ ನಿಂತಿರುತ್ತದೆ. ಭಾಷಣ ಮುಗಿದ ಮೇಲೆ ಆಯುಧಗಳು ಕೆಳಗೆ ಬೀಳುತ್ತವೆ, ಪ್ರೇಕ್ಷಕರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ.

ಹಿಂದಿ ಸಿನಿಮಾ ಇಂತಹ ಉಪದೇಶಗಳನ್ನು ಹಲವು ವಿಷಯಗಳ ಮೇಲೆ ಕೊಟ್ಟಿದೆ. ಆದರೆ ಹಿಂದೂ-ಮುಸ್ಲಿಮ್ ಸೌಹಾರ್ದದ ಬಗ್ಗೆ ಕೊಟ್ಟಷ್ಟು ದೀರ್ಘ ಕಾಲ, ಅಷ್ಟೊಂದು ಪ್ರೀತಿಯಿಂದ ಬೇರಾವ ವಿಷಯದ ಬಗ್ಗೆಯೂ ಕೊಟ್ಟಿರಲಾರದು. ಅದರ ಉದ್ದೇಶ ಒಳ್ಳೆಯದೇ ಆಗಿತ್ತು. ಹೀಗಿದ್ದೂ ಅದು ನಮ್ಮ ಸಮಾಜಕ್ಕೆ ಏನು ಕಲಿಸಿತು ಎಂಬ ಪ್ರಶ್ನೆಯನ್ನು ಈಗ ಕೇಳಿಕೊಳ್ಳಬೇಕಾಗಿದೆ.

ಅಣೆಕಟ್ಟು ಒಡೆದ ಕಥೆ

1941ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪೆನಿ ‘ಪಡೋಸಿ’ ಎಂಬ ಚಿತ್ರವನ್ನು ಹೊರತಂದಿತು. ನಿರ್ದೇಶಕರು ವಿ. ಶಾಂತಾರಾಮ್. ಮರಾಠಿಯಲ್ಲಿ ಅದು ‘ಶೇಜಾರಿ’. ಲಾಹೋರಿನಲ್ಲಿ ಮುಸ್ಲಿಮ್ ಲೀಗ್ ತನ್ನ ಪ್ರಸಿದ್ಧ ಠರಾವನ್ನು ಅಂಗೀಕರಿಸಿ ಒಂದು ವರ್ಷವಾಗಿತ್ತಷ್ಟೆ. ಒಂದು ಹಳ್ಳಿಯಲ್ಲಿ ಠಾಕೂರ್ ಮತ್ತು ಮಿರ್ಜಾ ಎಂಬ ಇಬ್ಬರು ನೆರೆಹೊರೆಯವರು, ಜೊತೆಯಲ್ಲಿ ಕುಳಿತು ಚದುರಂಗ ಆಡುವ ಹಳೆಯ ಗೆಳೆಯರು. ಅಣೆಕಟ್ಟು ಕಟ್ಟಲು ಬಂದ ಬಂಡವಾಳಗಾರನೊಬ್ಬ ಊರಿನ ಜಮೀನಿಗಾಗಿ ಇವರಿಬ್ಬರ ನಡುವೆ ಒಡಕು ತರುತ್ತಾನೆ. ಕೊನೆಗೆ ಅಣೆಕಟ್ಟು ಒಡೆಯುತ್ತದೆ. ಮತ್ತೆ ಒಂದಾದ ಗೆಳೆಯರು ಜೊತೆಯಲ್ಲೇ ಸಾಯುತ್ತಾರೆ.

ಶಾಂತಾರಾಮ್ ಇನ್ನೊಂದು ಕೆಲಸ ಮಾಡಿದರು. ಹಿಂದಿ ಚಿತ್ರದಲ್ಲಿ ಹಿಂದೂ ಠಾಕೂರನ ಪಾತ್ರವನ್ನು ಮಝರ್ ಖಾನ್ ಅವರಿಗೂ, ಮುಸ್ಲಿಮ್ ಮಿರ್ಜಾನ ಪಾತ್ರವನ್ನು ಗಜಾನನ ಜಾಗೀರ್‌ದಾರ್ ಅವರಿಗೂ ಕೊಟ್ಟರು. ವೇಷ ಬದಲಾದರೆ ಯಾರು ಯಾರೆಂದು ಗುರುತಿಸುವುದು ಸಾಧ್ಯವೇ ಎಂಬುದು ಇಲ್ಲಿಯ ಸಂದೇಶ. ಅದು ಉಪದೇಶವೇ ಹೌದು. ಆದರೆ ಆ ಉಪದೇಶದ ಅಡಿಯಲ್ಲಿ ನೆಲ, ನೀರು, ಹಣದ ಒಂದು ನಿಜವಾದ ಜಗಳವಿತ್ತು. ಜನ ಯಾಕೆ ಕಚ್ಚಾಡುತ್ತಾರೆ ಎಂಬ ಪ್ರಶ್ನೆಗೆ ‘ಪಡೋಸಿ’ ತನ್ನದೇ ಉತ್ತರವನ್ನು ಹುಡುಕಿತ್ತು. ಮುಂದೆ ಬಂದ ಅನೇಕರು ಸಂದೇಶವನ್ನು ಉಳಿಸಿಕೊಂಡರು, ಜಗಳದ ಬೇರನ್ನು ಬಿಟ್ಟುಬಿಟ್ಟರು.

ಅದೇ ಪ್ರಭಾತ್ 1946ರಲ್ಲಿ ‘ಹಮ್ ಏಕ್ ಹೈಂ’ ಚಿತ್ರವನ್ನು ಮಾಡಿತು. ದೇವ್ ಆನಂದ್ ಅವರ ಮೊದಲ ಚಿತ್ರ ಅದು. ದುರ್ಗಾ ಖೋಟೆ ಅಭಿನಯಿಸಿದ ಜಮೀನ್ದಾರಿಣಿ ಬೇರೆ ಬೇರೆ ಧರ್ಮದ ಅನಾಥ ಮಕ್ಕಳನ್ನು ಅವರವರ ಧರ್ಮದಲ್ಲೇ ಬೆಳೆಸುತ್ತಾಳೆ. ನಾವೆಲ್ಲ ಒಂದೇ ಎಂದು ಹೆಸರಿನಲ್ಲೇ ಸಾರಿದ ಚಿತ್ರ ಬಂದ ಮರುವರ್ಷ ದೇಶ ಎರಡಾಯಿತು. ತೆರೆಯ ಮೇಲಿನ ಮಾತು ಬೀದಿಯ ಕತ್ತಿಯನ್ನು ತಡೆಯಲಿಲ್ಲ.

ಉಪದೇಶಕ್ಕೆ ಸಿಕ್ಕ ಮನ್ನಣೆ

ವಿಭಜನೆಯ ನಂತರ ಹಿಂದಿ ಸಿನಿಮಾ ಬಹುಮಟ್ಟಿಗೆ ಬಾಯಿ ಮುಚ್ಚಿಕೊಂಡಿತು. ಲಕ್ಷಾಂತರ ಜನ ಸತ್ತ, ಕೋಟಿಗೂ ಹೆಚ್ಚು ಜನ ಊರು ಬಿಟ್ಟ ಘಟನೆಯ ಬಗ್ಗೆ ಬಂದ ಚಿತ್ರಗಳು ಬೆರಳೆಣಿಕೆಯಷ್ಟು. ವಿಭಜನೆಯಲ್ಲಿ ಸ್ವತಃ ಮನೆ ಕಳೆದುಕೊಂಡು ಬಂದವರು ಮುಂಬಯಿಯ ಸ್ಟುಡಿಯೋಗಳಲ್ಲಿ ತುಂಬಿದ್ದರೂ ಗಾಯವನ್ನು ಮುಟ್ಟಲು ಯಾರೂ ಮುಂದಾಗುತ್ತಿರಲಿಲ್ಲ.

1959ರಲ್ಲಿ ಯಶ್ ಚೋಪ್ರಾ ತಮ್ಮ ಮೊದಲ ಚಿತ್ರ ‘ಧೂಲ್ ಕಾ ಫೂಲ್’ ಮಾಡಿದರು. ಹಿಂದೂ ತಂದೆ-ತಾಯಿ ಕೈಬಿಟ್ಟ ಕೂಸನ್ನು ಅಬ್ದುಲ್ ರಶೀದ್ ಎಂಬ ಮುಸ್ಲಿಮ್ ವೃದ್ಧ ಸಾಕುತ್ತಾನೆ. ಅವನು ಮಗುವಿಗೆ ಹೇಳುವ ಬುದ್ಧಿಮಾತನ್ನು ಸಾಹಿರ್ ಲುಧಿಯಾನ್ವಿ ಹಾಡಾಗಿ ಬರೆದರು, ಮುಹಮ್ಮದ್ ರಫಿ ಹಾಡಿದರು. ಆ ಹಾಡು ಚಿತ್ರಕ್ಕಿಂತ ದೀರ್ಘಾಯುಷಿಯಾಯಿತು. ಎರಡು ವರ್ಷಗಳ ನಂತರ ಅದೇ ಯಶ್ ಚೋಪ್ರಾ ‘ಧರ್ಮಪುತ್ರ’ದಲ್ಲಿ ಇನ್ನೂ ಮುಂದೆ ಹೋದರು. ಶಶಿ ಕಪೂರ್ ಅಭಿನಯಿಸಿದ ಕಟ್ಟಾ ಹಿಂದುತ್ವವಾದಿ ಯುವಕ ಮುಸ್ಲಿಮರ ಮೇಲೆ ಕೈ ಎತ್ತುತ್ತಾನೆ. ತಾನೇ ಮುಸ್ಲಿಮ್ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನೆಂದು ಅವನಿಗೆ ಕೊನೆಗೆ ತಿಳಿಯುತ್ತದೆ. ಅಂದಿನ ಮಟ್ಟಿಗೆ ಅದು ಧೈರ್ಯದ ಚಿತ್ರ. ರಾಷ್ಟ್ರೀಯ ಪ್ರಶಸ್ತಿ ಸಿಕ್ಕಿತು, ಜನ ಮಾತ್ರ ಬರಲಿಲ್ಲ.

ಇದರ ನಂತರ ಸರ್ಕಾರವೇ ಉಪದೇಶದ ಬೆನ್ನಿಗೆ ನಿಂತಿತು. 1965ರ ಚಿತ್ರಗಳಿಂದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ರಾಷ್ಟ್ರೀಯ ಐಕ್ಯಕ್ಕಾಗಿ ಪ್ರತ್ಯೇಕ ವಿಭಾಗವೊಂದು ಆರಂಭವಾಯಿತು. ಮೊದಲ ಸಲ ಅದನ್ನು ಪಡೆದದ್ದು ಭಗತ್ ಸಿಂಗ್ ಕುರಿತ ‘ಶಹೀದ್’. ಖ್ವಾಜಾ ಅಹ್ಮದ್ ಅಬ್ಬಾಸ್ ಅವರ ‘ಸಾತ್ ಹಿಂದುಸ್ತಾನಿ’ (1969) ಕೂಡ ಈ ಪ್ರಶಸ್ತಿ ಪಡೆಯಿತು. ಗೋವಾ ವಿಮೋಚನೆಯ ಆ ಕಥೆಯಲ್ಲಿ ಅಬ್ಬಾಸ್ ಬೇಕೆಂದೇ ಕಲಾವಿದರನ್ನು ಅದಲುಬದಲು ಮಾಡಿದರು. ಬಂಗಾಳದ ಉತ್ಪಲ್ ದತ್ ಪಂಜಾಬಿಯಾದರು, ಕೇರಳದ ಮಧು ಬಂಗಾಳಿಯಾದರು, ಅಮಿತಾಭ್ ಬಚ್ಚನ್ ತಮ್ಮ ಮೊದಲ ಚಿತ್ರದಲ್ಲೇ ಅನ್ವರ್ ಅಲಿಯಾದರು. ‘ಪಡೋಸಿ’ಯ ಉಪಾಯವೇ ಅದು. ಆದರೆ ಇಲ್ಲಿ ಪಾತ್ರಗಳು ಮನುಷ್ಯರಾಗುವ ಬದಲು ತಮ್ಮ ಪ್ರಾಂತಗಳ ಪ್ರತಿನಿಧಿಗಳಾಗಿ ನಿಂತವು. ಚಿತ್ರ ಸೋತಿತು. ಅಬ್ಬಾಸರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಆದರೆ ಪ್ರಾಮಾಣಿಕತೆಯೊಂದೇ ಕಥೆಯಾಗುವುದಿಲ್ಲ.

ಒಳ್ಳೆಯ ಮುಸ್ಲಿಮನ ಕಷ್ಟ

ಎಪ್ಪತ್ತರ ದಶಕದಲ್ಲಿ ಈ ಉಪದೇಶಕ್ಕೆ ಒಂದು ಸಿದ್ಧ ಅಚ್ಚು ತಯಾರಾಯಿತು. ಆ ಅಚ್ಚಿನಲ್ಲಿ ಮುಸ್ಲಿಮ್ ಪಾತ್ರ ಕಲಂಕವೇ ಇಲ್ಲದಷ್ಟು ಒಳ್ಳೆಯದಾಗಿರಬೇಕು. ಅವನು ತ್ಯಾಗ ಮಾಡಬೇಕು, ಇಲ್ಲವೇ ಸಾಯಬೇಕು. ‘ಶೋಲೆ’ಯ (1975) ಕುರುಡ ಇಮಾಮರನ್ನು ನೆನಪಿಸಿಕೊಳ್ಳಿ. ಗಬ್ಬರ್ ಸಿಂಗ್ ಅವರ ಮಗನನ್ನು ಕೊಂದು ಶವವನ್ನು ಊರಿಗೆ ಕಳುಹಿಸುತ್ತಾನೆ. ಊರವರೆಲ್ಲ ಹಿಂಜರಿದು ನಿಂತಾಗ ಧೈರ್ಯದ ಮಾತು ಹೇಳಬೇಕಾದವರು ಮಗನನ್ನು ಕಳೆದುಕೊಂಡ ಅವರೇ. ದೃಶ್ಯ ಮನ ಕಲಕುತ್ತದೆ, ನಿಜ. ಆದರೆ ಹತ್ತು ನಿಮಿಷ ಅತ್ತು, ಊರವರನ್ನು ಬೈದು, ಆಮೇಲೆ ಸಮಾಧಾನವಾಗುವ ಸ್ವಾತಂತ್ರ್ಯ ಆ ತಂದೆಗೆ ಇಲ್ಲ.

ಮನಮೋಹನ ದೇಸಾಯಿ ಈ ಅಚ್ಚನ್ನೇ ಹಾಸ್ಯಕ್ಕೆ ತಿರುಗಿಸಿದರು. ‘ಅಮರ್ ಅಕ್ಬರ್ ಆಂಟನಿ’ಯಲ್ಲಿ (1977) ಮೂರು ಧರ್ಮದ ಮೂವರ ರಕ್ತ ಒಂದೇ ಹೊತ್ತಿಗೆ ಒಬ್ಬ ತಾಯಿಯ ದೇಹಕ್ಕೆ ಹರಿಯುತ್ತದೆ. ವೈದ್ಯಕೀಯವಾಗಿ ಇದು ಅಸಂಬದ್ಧ. ಆದರೆ ಯಾರೂ ಭಾಷಣ ಮಾಡುವುದಿಲ್ಲವಾದ್ದರಿಂದ ಜನ ನಕ್ಕು ಒಪ್ಪಿಕೊಂಡರು. ಮೂವರೂ ಹುಟ್ಟಿನಿಂದ ಹಿಂದೂ ಸಹೋದರರೇ ಎಂಬ ಜಾಣತನವನ್ನು ಹೆಚ್ಚು ಮಂದಿ ಗಮನಿಸಲಿಲ್ಲ.

ಬಾಬರಿ ಮಸೀದಿಯ ಧ್ವಂಸದ ನಂತರ ನಗು ಉಳಿಯಲಿಲ್ಲ. ‘ಕ್ರಾಂತಿವೀರ್’ನಲ್ಲಿ (1994) ನಾನಾ ಪಾಟೇಕರ್ ತನ್ನ ರಕ್ತವನ್ನೂ ಒಬ್ಬ ಮುಸ್ಲಿಮನ ರಕ್ತವನ್ನೂ ಬೆರೆಸಿ, ಇದರಲ್ಲಿ ಯಾರದು ಯಾವುದೆಂದು ಹೇಳಿ ಎಂದು ಅಬ್ಬರಿಸುತ್ತಾರೆ. ಮಣಿರತ್ನಂ ಅವರ ‘ಬಾಂಬೆ’ (1995) ಮುಂಬಯಿ ಗಲಭೆಯನ್ನು ನೇರವಾಗಿ ತೋರಿಸಿದ ದೊಡ್ಡ ವಾಣಿಜ್ಯ ಚಿತ್ರ. ಕೊನೆಯಲ್ಲಿ ನಾಯಕ ಮೈಮೇಲೆ ಎಣ್ಣೆ ಸುರಿದುಕೊಂಡು ಗುಂಪಿನ ಎದುರು ನಿಲ್ಲುತ್ತಾನೆ, ಜನ ಕೈಕೈ ಹಿಡಿದು ಮಾನವ ಸರಪಳಿಯಾಗುತ್ತಾರೆ. ಆ ಹೊತ್ತಿಗೆ ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ ಇನ್ನೂ ಸಾಕ್ಷ್ಯಗಳನ್ನು ಕೇಳುತ್ತಿತ್ತು. ಅದು ಹೊಣೆಗಾರರನ್ನು ಹೆಸರಿಸಿದ್ದು 1998ರಲ್ಲಿ. ಚಿತ್ರ ಮಾತ್ರ ಎರಡೂ ಕಡೆಯ ತಪ್ಪನ್ನು ಸಮನಾಗಿ ತೂಗಿ, ಎಲ್ಲರನ್ನೂ ಕ್ಷಮಿಸಿ ಮುಗಿಯಿತು. ಇದಕ್ಕೂ ರಾಷ್ಟ್ರೀಯ ಭಾವೈಕ್ಯ ಪ್ರಶಸ್ತಿ ಬಂತು.

ಉಪದೇಶ ಯಾಕೆ ಇಷ್ಟು ಅಗತ್ಯವಾಯಿತು? ಸೆನ್ಸಾರಿನ ಭಯ ಒಂದು ಕಾರಣ. ಗಲಭೆಯನ್ನು ತೋರಿಸಬೇಕಾದರೆ ಕೊನೆಗೆ ಎಲ್ಲವೂ ಸರಿಹೋಯಿತೆಂಬ ಭರವಸೆಯನ್ನು ಕೊಡಬೇಕಾಗುತ್ತದೆ, ಭಾಷಣವೇ ಆಗ ಪರವಾನಗಿ. ಎರಡನೆಯದು ಇನ್ನೂ ಸೂಕ್ಷ್ಮ. ಯಾರು ಕೊಂದರು, ಯಾರು ಸುಮ್ಮನಿದ್ದರು, ಮನೆ-ಅಂಗಡಿ ಯಾರ ಪಾಲಾಯಿತು ಎಂದು ಕೇಳುವುದು ಕಷ್ಟ. ನಾವೆಲ್ಲ ಒಂದೇ ಎನ್ನುವುದು ಸುಲಭ.

ಮಾತಾಡದೆ ಹೇಳಿದ್ದು

ಈ ಸಾಲಿನ ನಡುವೆ ಒಂದು ಚಿತ್ರ ಬೇರೆಯಾಗಿ ನಿಲ್ಲುತ್ತದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎಂ.ಎಸ್. ಸತ್ಯು ಅವರ ‘ಗರಂ ಹವಾ’. ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕಥೆಯನ್ನಾಧರಿಸಿ ಕೈಫಿ ಆಝ್ಮಿ ಮತ್ತು ಶಮಾ ಝೈದಿ ಚಿತ್ರಕಥೆ ಬರೆದರು. ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಸಣ್ಣ ಸಾಲದಲ್ಲಿ ಆಗ್ರಾದಲ್ಲಿ ಚಿತ್ರೀಕರಣ ನಡೆಯಿತು. ವಿರೋಧದ ಭಯದಿಂದ ಫಿಲ್ಮ್ ಇಲ್ಲದ ಖಾಲಿ ಕ್ಯಾಮರಾವನ್ನು ಬೇರೊಂದೆಡೆ ಓಡಿಸಿ ಜನರ ಗಮನ ತಿರುಗಿಸಬೇಕಾಯಿತಂತೆ.

ಕಥೆ ಸರಳ. ವಿಭಜನೆಯಾಗಿದೆ. ಚಪ್ಪಲಿ ಕಾರ್ಖಾನೆಯ ಮಾಲೀಕ ಸಲೀಂ ಮಿರ್ಜಾ (ಬಲರಾಜ್ ಸಾಹ್ನಿ) ಪಾಕಿಸ್ತಾನಕ್ಕೆ ಹೋಗಲು ಒಪ್ಪುವುದಿಲ್ಲ. ಬಂಧುಗಳು ಒಬ್ಬೊಬ್ಬರಾಗಿ ರೈಲು ಹತ್ತುತ್ತಾರೆ. ಬ್ಯಾಂಕ್ ಸಾಲ ಕೊಡುವುದಿಲ್ಲ, ಯಾವಾಗ ಹೊರಟುಹೋಗುತ್ತಾನೋ ಯಾರಿಗೆ ಗೊತ್ತು! ಹವೇಲಿ ಹೋದ ಅಣ್ಣನ ಹೆಸರಿನಲ್ಲಿದ್ದುದರಿಂದ ಸರ್ಕಾರದ ವಶವಾಗುತ್ತದೆ. ಬಾಡಿಗೆಗೆ ಮನೆ ಹುಡುಕಿದರೆ ಹೆಸರು ಕೇಳಿ ಬಾಗಿಲು ಮುಚ್ಚುತ್ತಾರೆ. ಮದುಮಗಳಾಗಿ ಕಾಲಿಟ್ಟ ಮನೆಯನ್ನು ಬಿಡಲಾರದ ಮುದುಕಿ ತಾಯಿ ಸೌದೆಯ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಸಾಯುವ ಹೊತ್ತಿಗೆ ಅವಳನ್ನು ಹೊತ್ತು ಅದೇ ಮನೆಗೆ ತರಬೇಕಾಗುತ್ತದೆ. ಆ ಮನೆಯಲ್ಲಿ ಈಗ ಇರುವವನು ಸಿಂಧ್‌ನಿಂದ ಎಲ್ಲವನ್ನೂ ಕಳೆದುಕೊಂಡು ಬಂದ ಹಿಂದೂ ವ್ಯಾಪಾರಿ. ಅವನೂ ಕೆಟ್ಟವನಲ್ಲ. ಆ ಪಾತ್ರ ಮಾಡಿದವರು ಎ.ಕೆ. ಹಂಗಲ್. ಮುಂದೆ ‘ಶೋಲೆ’ಯಲ್ಲಿ ಇಮಾಮರಾದವರೂ ಅವರೇ.

ಮಿರ್ಜಾ ಎಲ್ಲಿಯೂ ತನ್ನ ದೇಶಪ್ರೇಮವನ್ನು ಸಾಬೀತುಪಡಿಸುವುದಿಲ್ಲ. ಮಗಳು ಅಮೀನಾಳ ಶವದ ಎದುರು ಸಾಹ್ನಿ ಸುಮ್ಮನೆ ನಿಲ್ಲುತ್ತಾರೆ. ಆ ಮೌನಕ್ಕಿಂತ ದೊಡ್ಡ ಭಾಷಣ ನಮ್ಮ ಸಿನಿಮಾದಲ್ಲಿ ಇಲ್ಲ. ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು ಅವರು ತೀರಿಕೊಂಡರು.

ಸೆನ್ಸಾರ್ ಮಂಡಳಿ ಕೋಮುಶಾಂತಿ ಕದಡುತ್ತದೆಂದು ಈ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಕೊನೆಗೆ ಅದು ಮೊದಲು ತೆರೆ ಕಂಡದ್ದು ಬೆಂಗಳೂರಿನ ಎರಡು ಚಿತ್ರಮಂದಿರಗಳಲ್ಲಿ. ಯಾವ ಗಲಭೆಯೂ ಆಗಲಿಲ್ಲ. ಇಲ್ಲಿಯ ಜನ ಮೆಚ್ಚಿದ ಮೇಲೆ ಉಳಿದ ಕಡೆಗಳಲ್ಲಿ ಬಿಡುಗಡೆಗೆ ದಾರಿಯಾಯಿತು. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ ಇದು.

‘ಗರಂ ಹವಾ’ ಪೂರ್ಣ ನಿರ್ದೋಷಿಯೇನಲ್ಲ. ಮಿರ್ಜಾ ಕೊನೆಗೂ ರೈಲ್ವೆ ನಿಲ್ದಾಣಕ್ಕೆ ಹೊರಟವನು, ದಾರಿಯಲ್ಲಿ ಕೆಂಬಾವುಟದ ಮೆರವಣಿಗೆ ಕಂಡು ಟಾಂಗಾ ಇಳಿದು ಸೇರಿಕೊಳ್ಳುವುದು ಇಪ್ಟಾ ಬಳಗದ ಉಪದೇಶವೇ. ಆದರೆ ಅದರ ಹಿಂದಿನ ಎರಡು ಗಂಟೆ ಅಷ್ಟು ಸತ್ಯವಾಗಿರುವುದರಿಂದ ನಾವು ಆ ಆಸೆಯನ್ನು ಮನ್ನಿಸುತ್ತೇವೆ.

ಅದೇ ಕೈಫಿ ಆಝ್ಮಿ ಸಯೀದ್ ಅಖ್ತರ್ ಮಿರ್ಜಾ ಅವರ ‘ನಸೀಮ್’ನಲ್ಲಿ (1995) ಹಾಸಿಗೆ ಹಿಡಿದ ಅಜ್ಜನ ಪಾತ್ರ ಮಾಡಿದರು. ಮೊಮ್ಮಗಳಿಗೆ ಹಳೆಯ ಆಗ್ರಾದ ಕಥೆ ಹೇಳುತ್ತಾ ಇರುವ ಆ ಅಜ್ಜ 1992ರ ಡಿಸೆಂಬರ್ 6ರಂದು ಕಣ್ಣು ಮುಚ್ಚುತ್ತಾನೆ. ಯಾರೂ ಪ್ರವಚನ ಕೊಡುವುದಿಲ್ಲ. ಕನ್ನಡದಲ್ಲಿ ಗಿರೀಶ್ ಕಾಸರವಳ್ಳಿ ವೈದೇಹಿಯವರ ಕಥೆಯಿಂದ ಮಾಡಿದ ‘ಗುಲಾಬಿ ಟಾಕೀಸ್’ (2008) ಇದೇ ದಾರಿಯದು. ಸೂಲಗಿತ್ತಿ ಗುಲಾಬಿಯ ಮನೆಯ ಟಿ.ವಿ. ನೋಡಲು ಸೇರುವ ಕರಾವಳಿಯ ಹೆಂಗಸರು, ಮೀನುಗಾರಿಕೆಯ ವ್ಯಾಪಾರದ ಪೈಪೋಟಿ, ಕಾರ್ಗಿಲ್ ಯುದ್ಧದ ಸುದ್ದಿ ಎಲ್ಲವೂ ಸೇರಿ ಅವಳನ್ನು ಊರಿನಿಂದ ಹೇಗೆ ಹೊರಹಾಕಿದವು ಎಂಬುದನ್ನು ಕಾಸರವಳ್ಳಿ ತೋರಿಸುತ್ತಾರೆ, ವಿವರಿಸುವುದಿಲ್ಲ.

ಪೀಠದಲ್ಲಿ ಕುಳಿತವರು ಬದಲಾದಾಗ

ಉಪದೇಶದ ಚಿತ್ರಗಳನ್ನು ನಾವು ಮೆಚ್ಚಿದ್ದೇವೆ. ‘ಮುಲ್ಕ್’ನ (2018) ನ್ಯಾಯಾಲಯದಲ್ಲಿ ವಕೀಲೆಯೂ ನ್ಯಾಯಾಧೀಶರೂ ಮಾತನಾಡಿದಾಗ ನಮ್ಮಲ್ಲಿ ಹಲವರ ಕಣ್ಣು ತುಂಬಿದೆ. ಮಾತು ನಮ್ಮ ಪರವಾಗಿದ್ದಾಗ ಅದು ಪ್ರವಚನ ಎನ್ನಿಸುವುದಿಲ್ಲ. ಆದರೆ ಎಂಟು ದಶಕಗಳಲ್ಲಿ ಪ್ರೇಕ್ಷಕ ಕಲಿತದ್ದು ಸೌಹಾರ್ದವನ್ನಲ್ಲ. ಕಥೆಯ ಕೊನೆಗೆ ಒಬ್ಬ ಎದ್ದು ನಿಂತು ಸತ್ಯ ಇದು ಎಂದರೆ ನಂಬಬೇಕು ಎಂಬ ಅಭ್ಯಾಸವನ್ನು.

2022ರಲ್ಲಿ ‘ದಿ ಕಾಶ್ಮೀರ್ ಫೈಲ್ಸ್’ ಬಂತು. ಕಾಶ್ಮೀರಿ ಪಂಡಿತರ ನೋವು ನಿಜವಾದದ್ದು, ಅವರ ಮನೆಗಳ ಕಥೆಯನ್ನು ಸಲೀಂ ಮಿರ್ಜಾನ ಹವೇಲಿಯಷ್ಟೇ ಪ್ರಾಮಾಣಿಕವಾಗಿ ಹೇಳುವ ಚಿತ್ರ ಬರಲೇಬೇಕು. ಆದರೆ ಈ ಚಿತ್ರ ಹಳೆಯ ಅಚ್ಚನ್ನೇ ಎತ್ತಿಕೊಂಡಿತು. ವಿಶ್ವವಿದ್ಯಾಲಯದ ವೇದಿಕೆಯಲ್ಲಿ ನಾಯಕ ಉದ್ದನೆಯ ಭಾಷಣ ಮಾಡುತ್ತಾನೆ, ಎಲ್ಲರೂ ಕೇಳುತ್ತಾರೆ. ಭಾಷಣದ ಗುರಿ ಮಾತ್ರ ತಿರುಗಿತ್ತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತೆರಿಗೆ ವಿನಾಯಿತಿ ಕೊಟ್ಟವು. 2023ರ ಆಗಸ್ಟ್‌ನಲ್ಲಿ ಅದಕ್ಕೆ ನರ್ಗಿಸ್ ದತ್ ಹೆಸರಿನ ರಾಷ್ಟ್ರೀಯ ಭಾವೈಕ್ಯ ಪ್ರಶಸ್ತಿ ಘೋಷಣೆಯಾಯಿತು. ‘ಗರಂ ಹವಾ’ಕ್ಕೆ ಸಂದ ವಿಭಾಗದ ಪ್ರಶಸ್ತಿ ಅದೇ. ಮರುವರ್ಷ ನಿಯಮಗಳು ಬದಲಾಗಿ ನರ್ಗಿಸ್ ಹೆಸರು ಹೋಯಿತು. 2023ರಲ್ಲೇ ಬಂದ ‘ದಿ ಕೇರಳ ಸ್ಟೋರಿ’ಯ ಪ್ರಚಾರದಲ್ಲಿ ಹೇಳಿದ್ದ 32,000 ಎಂಬ ಸಂಖ್ಯೆಗೆ ಅಧಿಕೃತ ಆಧಾರವಿಲ್ಲ ಎಂಬ ಸೂಚನೆಯನ್ನು ಸೇರಿಸಲು ನಿರ್ಮಾಪಕರು ಸುಪ್ರೀಂ ಕೋರ್ಟಿನಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಚಿತ್ರವನ್ನು ಲಕ್ಷಾಂತರ ಜನ ನೋಡಿ ಆಗಿತ್ತು.

ಇದಕ್ಕೆ ಪ್ರತಿಯಾಗಿ ಇನ್ನೂ ಗಟ್ಟಿಯಾದ ಸೌಹಾರ್ದದ ಭಾಷಣವನ್ನು ಬರೆದರೆ ಉತ್ತರವಾದೀತೇ? ಆಗದು. ಧ್ವನಿವರ್ಧಕ ದೊಡ್ಡದಿರುವವನ ಭಾಷಣವೇ ಯಾವಾಗಲೂ ಗೆಲ್ಲುತ್ತದೆ. ಬ್ಯಾಂಕಿನ ಗುಮಾಸ್ತ ಅರ್ಜಿಯನ್ನು ಯಾಕೆ ಬದಿಗಿಟ್ಟ, ಮನೆಯೊಡತಿ ಹೆಸರು ಕೇಳಿದ ಮೇಲೆ ಬಾಡಿಗೆ ಇಲ್ಲವೆಂದು ಯಾಕೆ ಹೇಳಿದಳು ಎಂಬಂತಹ ಸಣ್ಣ ಸಂಗತಿಗಳನ್ನು ಸುಳ್ಳಾಗಿಸುವುದು ಮಾತ್ರ ಕಷ್ಟ, ಯಾಕೆಂದರೆ ನೋಡುವವನಿಗೆ ತನ್ನ ಬೀದಿಯೇ ಅಲ್ಲಿ ಕಾಣುತ್ತದೆ. ‘ಗರಂ ಹವಾ’ವನ್ನು ಸಂರಕ್ಷಿಸಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಅದನ್ನು ನೋಡಿದ ಹೊಸ ತಲೆಮಾರಿಗೆ ಬಾಡಿಗೆ ಮನೆಯ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಹುಡುಗ ಹುಡುಗಿಯರು ಇಂದು ಕೈಗೆ ಕ್ಯಾಮರಾ ಎತ್ತಿಕೊಂಡಿದ್ದಾರೆ, ಕಿರುಚಿತ್ರಗಳನ್ನು ಮಾಡುತ್ತಿದ್ದಾರೆ. ನಾವು ಒಳ್ಳೆಯವರು ಎಂದು ಜಗತ್ತಿಗೆ ಹೇಳುವ ಆತುರ ಅವರಲ್ಲಿದೆ. ಆ ಆತುರವನ್ನು ಬಿಟ್ಟು, ತಮ್ಮ ಓಣಿಯ ಒಬ್ಬ ಮುದುಕನ ಒಂದು ದಿನವನ್ನು, ಅವನ ಸಿಟ್ಟು ಸಣ್ಣತನಗಳೊಂದಿಗೆ, ಇದ್ದದ್ದು ಇದ್ದಂತೆ ತೋರಿಸಿದರೂ ಸಾಕು.