ಚಿಂಚೋಳಿ ಗುಡ್ಡಕ್ಕೆ ಹೋಗುವ ಹುಟ್ಟುಹಬ್ಬ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಕುಟುಂಬಗಳು ಹುಟ್ಟುಹಬ್ಬದ ದಿನ ಗಾಡಿ ಮಾಡಿಕೊಂಡು ಚಿಂಚೋಳಿಯ ಗುಡ್ಡಗಾಡಿಗೆ ಹೋಗಿಬರುವುದು ಈಚಿನ ರೂಢಿ. ಆದರೆ ಮಗುವಿನ ಹೆಸರಿನಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತುವುದು ಈ ಸೀಮೆಗೆ ಹೊಸದಲ್ಲ.

ಈ ರೂಢಿಯ ಹಿಂದೆ ಇಲ್ಲಿನ ನೆಲದ ಗುಣವಿದೆ. ಸೇಡಂನಿಂದ ಶಹಾಬಾದ್‌ವರೆಗಿನದು ಸುಣ್ಣಕಲ್ಲಿನ ಬಯಲು. ಕಾಗಿಣಾ ನದಿ ವಿಕಾರಾಬಾದ್ ಬಳಿಯ ಅನಂತಗಿರಿ ಗುಡ್ಡಗಳಲ್ಲಿ ಹುಟ್ಟಿ, ಸೇಡಂ ತಾಲ್ಲೂಕಿನ ಮಳಖೇಡದ ಪಕ್ಕದಲ್ಲಿ ಹರಿದು ಭೀಮೆಯನ್ನು ಸೇರುತ್ತದೆ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರು ಮಳಖೇಡ. ಈ ಬಯಲಿನಲ್ಲಿ ಮನೆಯ ನೆಲಕ್ಕೂ ಗೋಡೆಗೂ ಪರ್ಸಿ ಕಲ್ಲೇ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಕಾದ ಕಲ್ಲು ರಾತ್ರಿಯಾದರೂ ಬೇಗ ಆರುವುದಿಲ್ಲ. ಚಿಂಚೋಳಿ ಕಡೆಗೆ ಸರಿದರೆ ನೆಲ ಏರುತ್ತ ಹೋಗುತ್ತದೆ, ಕರಿಕಲ್ಲಿನ ಮೇಲೆ ಕೆಂಪು ಜಂಬಿಟ್ಟಿಗೆ ಕಾಣುತ್ತದೆ, ಕಾಡು ಶುರುವಾಗುತ್ತದೆ. ಎತ್ತರದ ಲೆಕ್ಕದಲ್ಲಿ ಇವು ಸಣ್ಣ ಗುಡ್ಡಗಳು. ಆದರೂ ಬಯಲಿನ ಜನ ಇದನ್ನು ಈ ಭಾಗದ ಮಲೆನಾಡು ಎಂದು ಕರೆದದ್ದರಲ್ಲಿ ತಪ್ಪೇನಿಲ್ಲ.

ಹಿಂದಿನವರಿಗೆ ಹುಟ್ಟಿದ ತಾರೀಖು ದೊಡ್ಡ ಸಂಗತಿಯಾಗಿರಲಿಲ್ಲ. ವಯಸ್ಸು ಕೇಳಿದರೆ ರಜಾಕಾರರ ಗಲಾಟೆಯ ವರ್ಷ, 1972ರ ಬರಗಾಲದ ವರ್ಷ ಎಂದು ಹಿರಿಯರು ಗುರುತು ಹೇಳುತ್ತಿದ್ದರು. ಶಾಲೆಗೆ ಸೇರಿಸುವ ದಿನ ಮಾಸ್ತರರು ಬರೆದುಕೊಂಡ ಜೂನ್ 1 ಎಷ್ಟೋ ಮಂದಿಗೆ ಜೀವನವಿಡೀ ಜನ್ಮದಿನವಾಗಿ ಉಳಿಯಿತು. ಆದ್ದರಿಂದ ಪ್ರತಿವರ್ಷ ಆ ದಿನವನ್ನು ಆಚರಿಸುವ ಮಾತು ಹಳ್ಳಿಗಳಲ್ಲಿ ಬರುತ್ತಿರಲಿಲ್ಲ. ಮಗುವಿಗಾಗಿ ನಡೆಯುತ್ತಿದ್ದುದು ತೊಟ್ಟಿಲ ಕಾರ್ಯ, ಆಮೇಲೆ ಜವಳ.

ಜವಳವೇ ಇಲ್ಲಿನ ಮೊದಲ ಕುಟುಂಬ ಪ್ರವಾಸ. ಮಗುವಿಗೆ ಒಂದು, ಮೂರು ಅಥವಾ ಐದು ವರ್ಷವಾದಾಗ ಮನೆದೇವರ ಸನ್ನಿಧಿಗೆ ಹೋಗಿ ಹುಟ್ಟುಗೂದಲು ತೆಗೆಸಬೇಕು. ಚಿತ್ತಾಪುರದ ನಾಗಾವಿ ಯಲ್ಲಮ್ಮ, ಭೀಮಾ ದಂಡೆಯ ಸನ್ನತಿಯ ಚಂದ್ರಲಾಂಬೆ, ಈಗ ಕಾಳಗಿ ತಾಲ್ಲೂಕಿಗೆ ಸೇರಿರುವ ರೇವಗ್ಗಿ ಗುಡ್ಡದ ರೇವಣಸಿದ್ಧೇಶ್ವರ: ಅವರವರ ಮನೆತನಕ್ಕೆ ನಡೆದುಬಂದ ದೇವರು. ಎತ್ತುಗಳಿಗೆ ಗೆಜ್ಜೆಸರ ಕಟ್ಟಿ, ಬಂಡಿಯಲ್ಲಿ ಹುಲ್ಲು ಹಾಸಿ ಅದರ ಮೇಲೆ ಜಮಖಾನ ಹರವಿ, ಮುದುಕರು ಮಕ್ಕಳನ್ನು ಕೂರಿಸಿಕೊಂಡು ಹೊರಡುತ್ತಿದ್ದರು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಮಗು ಕೂರುವುದು ಸೋದರಮಾವನ ತೊಡೆಯ ಮೇಲೆ, ಅಳು ನಿಲ್ಲಿಸಲು ಬಾಯಿಗೆ ಸಕ್ಕರೆ. ಬಂದವರೆಲ್ಲ ಸಾಲಾಗಿ ಕೂತು ಉಂಡು, ಹೊತ್ತು ತಂಪಾದ ಮೇಲೆ ತಿರುಗಿ ಬಂಡಿ ಹೂಡುತ್ತಿದ್ದರು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭಜ್ಜಿ, ಸಜ್ಜೆರೊಟ್ಟಿ ಉಣ್ಣುವುದೂ ಇಂಥದ್ದೇ. ಇಡೀ ಮನೆ ಬಾಗಿಲು ಹಾಕಿಕೊಂಡು ಹೊರಗೆ ಉಣ್ಣಲು ಹೋಗುವ ಸುಖವನ್ನು ಈ ಜನ ಕಾರು ಬಂದ ಮೇಲೆ ಕಲಿಯಲಿಲ್ಲ.

ರೈಲು ಬಂದು ಸೀಮೆ ಎರಡಾಯಿತು. ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ವಾಡಿಯ ಮೂಲಕ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ಮಾರ್ಗ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ಹಾದು ಸಿಕಂದರಾಬಾದಿಗೆ ತೆರೆಯಿತು. ಚಿಂಚೋಳಿ ಹಳಿಯಿಂದ ದೂರ ಉಳಿಯಿತು. ಸುಣ್ಣಕಲ್ಲು ಮತ್ತು ರೈಲು ಎರಡೂ ಇದ್ದ ಕಡೆ ಕಾರ್ಖಾನೆಗಳು ಎದ್ದವು: ಮೊದಲು ಶಹಾಬಾದಿನ ಸಿಮೆಂಟ್, 1960ರ ದಶಕದಲ್ಲಿ ವಾಡಿಯ ಎಸಿಸಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂನ ಕಾರ್ಖಾನೆಗಳು. ಚಿಂಚೋಳಿಯ ಕಾಡು ಉಳಿದದ್ದಕ್ಕೆ ಅಲ್ಲಿಗೆ ರೈಲು ಹೋಗದಿದ್ದುದೂ ಒಂದು ಕಾರಣವೆಂದು ಹೇಳಬೇಕಾಗುತ್ತದೆ.

ಹುಟ್ಟುಹಬ್ಬ ಇಲ್ಲಿ ಬೇರೂರಿದ್ದು ಮುಖ್ಯವಾಗಿ ಈ ಕಾರ್ಖಾನೆ ಕಾಲೊನಿಗಳಲ್ಲಿ ಮತ್ತು ರೈಲ್ವೆ ಕ್ವಾರ್ಟರ್ಸುಗಳಲ್ಲಿ. ತಿಂಗಳ ಸಂಬಳ, ವಾರದ ರಜೆ, ಬೇರೆ ಬೇರೆ ಭಾಷೆಯ ನೆರೆಹೊರೆ, ಜನನ ಪ್ರಮಾಣಪತ್ರ ಕೇಳುವ ಶಾಲೆ, ಇವೆಲ್ಲ ಸೇರಿ ತಾರೀಖಿಗೆ ಬೆಲೆ ತಂದವು. ಬೇಕರಿಯ ಕೇಕು ಬಂತು, ಆರತಿಯೂ ಬಿಡಲಿಲ್ಲ. ಇಂದಿಗೂ ಬಹುಪಾಲು ಮನೆಗಳಲ್ಲಿ ಮೊದಲು ಕುಂಕುಮ ಹಚ್ಚಿ ಆರತಿ, ಆಮೇಲೆ ಮೇಣದಬತ್ತಿ.

ಗುಡ್ಡಕ್ಕೆ ದಾರಿ ಮಾಡಿದ್ದು ನೀರಾವರಿ. ಕಾಡಿನ ಹಳ್ಳಗಳಿಗೆ ಅಡ್ಡಲಾಗಿ ಚಂದ್ರಂಪಳ್ಳಿ ಅಣೆಕಟ್ಟು, ಮುಲ್ಲಾಮಾರಿಗೆ ನಾಗರಾಳದ ಜಲಾಶಯ ಆದ ಮೇಲೆ ಬಯಲಿನವರಿಗೂ ಅಲ್ಲಿಗೆ ಹೋಗುವ ನೆಪ ಸಿಕ್ಕಿತು. ಸೇಡಂನಿಂದ ಸುಲೇಪೇಟ ಹಾದು ಚಿಂಚೋಳಿ, ಅಲ್ಲಿಂದ ಚಂದ್ರಂಪಳ್ಳಿ, ಕುಂಚಾವರಂ: ಈಗಿನ ಹುಟ್ಟುಹಬ್ಬದ ಹಾದಿ ಹೆಚ್ಚಾಗಿ ಇದೇ. ನಡುವೆ ಗೊಟ್ಟಂಗೊಟ್ಟದ ಬಕ್ಕಪ್ರಭು ಗುಡಿಗೆ ಅಥವಾ ಚಿಂಚೋಳಿಯ ಪಂಚಲಿಂಗ ಬುಗ್ಗಿಗೆ ಕೈಮುಗಿಯುವವರು ಇದ್ದಾರೆ. ಮಳೆಗಾಲ ಬಲವಾಗಿ ಹಿಡಿದರೆ ಎತ್ತಿಪೋತ ಜಲಪಾತ ತುಂಬುತ್ತದೆ, ಹಾಗಾಗಿ ಆಷಾಢದಿಂದ ದಸರೆವರೆಗೆ ಹುಟ್ಟಿದವರು ಅದೃಷ್ಟವಂತರು. ಏಪ್ರಿಲ್, ಮೇ ತಿಂಗಳ ಹುಟ್ಟುಹಬ್ಬದವರಿಗೆ ಸಿಗುವುದು ಎಲೆ ಉದುರಿದ ಕಾಡು, ತಗ್ಗಿದ ಕೆರೆ.

2011ರಲ್ಲಿ ಇಲ್ಲಿನ 134.88 ಚದರ ಕಿಲೋಮೀಟರ್ ಅರಣ್ಯವನ್ನು ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತೋಳ, ಕತ್ತೆಕಿರುಬ, ಕೃಷ್ಣಮೃಗಗಳ ಈ ಒಣಕಾಡಿನ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳ ಜನ ಹಿಂದಿನಿಂದಲೂ ಬಾಳುತ್ತಿದ್ದಾರೆ. ಅಲ್ಲಿಂದೀಚೆಗೆ ಈ ಗುಡ್ಡ ಬರಿಯ ವಿಹಾರದ ಜಾಗವಾಗಿ ಉಳಿದಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಬಂಡಿಯ ಕಾಲದ ಬುತ್ತಿಯಿಂದ ಕಾಡಿನಲ್ಲಿ ಉಳಿಯುತ್ತಿದ್ದುದು ಮುತ್ತುಗದ ಎಲೆ ಮಾತ್ರ, ಅದೂ ಮಣ್ಣಾಗುತ್ತಿತ್ತು. ಕೇಕಿನ ಥರ್ಮಾಕೋಲು, ಬಲೂನು, ನೀರಿನ ಬಾಟಲಿ ಮಣ್ಣಾಗುವುದಿಲ್ಲ. ಚಂದ್ರಂಪಳ್ಳಿಗೆ ಹೋಗುವ ಕುಟುಂಬಗಳು ಅರಣ್ಯ ಇಲಾಖೆಯ ಅನುಮತಿ ಪಡೆದು ಒಳಹೋಗಬೇಕು, ಒಲೆ ಹೂಡಬಾರದು, ಒಯ್ದ ಕಸವನ್ನೆಲ್ಲ ಅದೇ ಗಾಡಿಯಲ್ಲಿ ಊರಿಗೆ ತರಬೇಕು.