ಮನೆಯ ಗಣಕಯಂತ್ರದ ಸಂಗೀತ ತಂತ್ರಾಂಶಗಳು: ಅವುಗಳ ಪೂರ್ವೋತ್ತರ

ಶಬ್ದವು ಹುಟ್ಟಿದ ಕೆಲವು ಕ್ಷಣಗಳಲ್ಲಿಯೇ ಅಳಿಯತಕ್ಕುದೆಂದು ನೈಯಾಯಿಕರೂ, ಅದು ನಿತ್ಯವಾದುದು, ಉಚ್ಚಾರಣವು ಅದನ್ನು ವ್ಯಕ್ತಪಡಿಸುವುದು ಮಾತ್ರವೆಂದು ಮೀಮಾಂಸಕರೂ ಬಹುಕಾಲದಿಂದ ವಾದಿಸುತ್ತ ಬಂದಿರುವರು. ೧೮೭೭ರಲ್ಲಿ ಅಮೆರಿಕಾ ದೇಶದ ಎಡಿಸನ್ನನು ತವರದ ತೆಳುಹಾಳೆಯನ್ನು ಸುತ್ತಿದ ಉರುಳೆಯ ಮೇಲೆ ಮನುಷ್ಯನ ಧ್ವನಿಯನ್ನು ಕೊರೆದು, ಪುನಃ ಅದನ್ನು ಕೇಳಿಸಿದಾಗ, ಆಡಿ ಮುಗಿದ ಶಬ್ದವನ್ನು ಕೂಡಿಡಬಹುದೆಂಬುದು ಲೋಕಕ್ಕೆ ತಿಳಿಯಿತು. ಅಂದಿನಿಂದ ಗ್ರಾಮಫೋನು, ಟೇಪು, ಕ್ಯಾಸೆಟ್ಟು, ಕಾಂಪ್ಯಾಕ್ಟ್ ಡಿಸ್ಕು ಎಂದು ಪಾತ್ರೆಗಳು ಬದಲಾಗುತ್ತ ಬಂದರೂ, ಗೃಹಸ್ಥನು ಆರಿಸಬೇಕಾಗಿದ್ದುದು ಒಂದು ಯಂತ್ರವನ್ನು ಮಾತ್ರ. ಗಣಕಯಂತ್ರವು ಮನೆಯನ್ನು ಹೊಕ್ಕಮೇಲೆ, ಯಂತ್ರವು ಅದೇ ಆಗಿದ್ದರೂ, ಅದರೊಳಗೆ ಸಂಗೀತವನ್ನು ನುಡಿಸತಕ್ಕ ತಂತ್ರಾಂಶವನ್ನು ಆರಿಸುವ ಹೊಸ ಹೊಣೆಯೊಂದು ಅವನ ಮೇಲೆ ಬಿದ್ದಿತು.

ಯಾವ ತಂತ್ರಾಂಶವು ಉತ್ತಮವೆಂಬ ಪ್ರಶ್ನೆಗೆ ಅದರ ಅಂದವನ್ನೋ ಪ್ರಸಿದ್ಧಿಯನ್ನೋ ನೋಡಿ ಉತ್ತರ ಹೇಳುವುದು ವಾಡಿಕೆ. ಆದರೆ ಕಳೆದ ಮೂವತ್ತು ವರ್ಷಗಳ ವೃತ್ತಾಂತವನ್ನು ಸಾವಧಾನವಾಗಿ ಪರಿಶೀಲಿಸಿದರೆ, ಉತ್ತರವು ಬೇರೆ ಕಡೆಯಲ್ಲಿರುವುದೆಂದು ವಾಚಕರಿಗೆ ಗೋಚರವಾಗದಿರದು.

ಈ ವೃತ್ತಾಂತದ ಬೀಜವು ಕಾಂಪ್ಯಾಕ್ಟ್ ಡಿಸ್ಕಿನಲ್ಲಿರುವುದು. ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಕೂಡಿ ನಿರ್ಮಿಸಿ ೧೯೮೨ರಲ್ಲಿ ಮಾರಾಟಕ್ಕೆ ತಂದ ಈ ತಟ್ಟೆಯಲ್ಲಿ ಧ್ವನಿಯು ಅಂಕಿಗಳ ರೂಪದಲ್ಲಿ ಬರೆಯಲ್ಪಟ್ಟಿರುವುದು. ಒಂದು ಸೆಕೆಂಡಿಗೆ ೪೪,೧೦೦ ಸಲ ಧ್ವನಿತರಂಗದ ಎತ್ತರವನ್ನು ಅಳೆದು, ಪ್ರತಿಯೊಂದು ಅಳತೆಯನ್ನೂ ೧೬ ಬಿಟ್ಟುಗಳಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ ಎರಡು ಸಾಲಾಗಿ ಬರೆಯುವರು. ಈ ಲೆಕ್ಕದಿಂದ ಒಂದು ನಿಮಿಷದ ಸಂಗೀತಕ್ಕೆ ೧,೦೫,೮೪,೦೦೦ ಬೈಟುಗಳು ಬೇಕಾಗುವುವು. ಹತ್ತು ಕೋಟಿ ಬೈಟುಗಳನ್ನು ಹಿಡಿಯುವ ಡಿಸ್ಕೊಂದು ಮನೆಯ ಯಂತ್ರದಲ್ಲಿದ್ದರೆ, ರಾಗಾಲಾಪನೆಯು ಮುಗಿಯುವುದರೊಳಗಾಗಿ ಅದು ತುಂಬಿಹೋಗುತ್ತಿದ್ದಿತು. ಹೀಗಿರಲು, ಹಾಡುಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುವ ಮಾತು ಆಗ ದೂರವೇ ಉಳಿದಿದ್ದಿತು.

ಈ ತೊಡಕನ್ನು ನಿವಾರಿಸಿದವರು ಜರ್ಮನಿ ದೇಶದ ಎರ್ಲಾಂಗೆನ್ ಪಟ್ಟಣದಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆಯ ವಿದ್ವಾಂಸರು; ಅವರಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡನ್‌ಬುರ್ಗ್ ಎಂಬವರು ಪ್ರಮುಖರು. ಬಲವಾದ ಒಂದು ಧ್ವನಿಯು ಕೇಳಿಬರುತ್ತಿರುವಾಗ ಅದರ ಸಮೀಪದ ಶ್ರುತಿಯ ದುರ್ಬಲ ಧ್ವನಿಯನ್ನು ಕಿವಿಯು ಗ್ರಹಿಸಲಾರದು. ಹಾಗೆ ಮರೆಯಾಗತಕ್ಕ ಅಂಶಗಳನ್ನು ಬರೆಯದೆ ಬಿಟ್ಟರೆ ಕೇಳುವವನಿಗೆ ನಷ್ಟವು ತೋರದು. ಬರವಣಿಗೆಯಾದರೋ ಬಹಳ ಕಿರಿದಾಗುವುದು. ಈ ತತ್ತ್ವದ ಮೇಲೆ ನಿಂತ ಕ್ರಮವೇ ಎಂಪಿ೩. ಇದನ್ನು ಒರೆಗೆ ಹಚ್ಚಲು ಬ್ರಾಂಡನ್‌ಬುರ್ಗರು ಬಳಸಿದುದು ಸುಸಾನ್ ವೇಗಾ ಎಂಬ ಗಾಯಕಿಯು ಪಕ್ಕವಾದ್ಯವಿಲ್ಲದೆ ಹಾಡಿದ 'ಟಾಮ್ಸ್ ಡೈನರ್' ಎಂಬ ಹಾಡು. ಒಂಟಿ ಕಂಠದಲ್ಲಿ ಸಣ್ಣ ದೋಷವನ್ನು ಮುಚ್ಚುವುದಕ್ಕೂ ಬೇರೆ ನಾದವಿಲ್ಲವಾದುದರಿಂದ ಅದು ಕಠಿಣ ಪರೀಕ್ಷೆಯಾಯಿತು. ೧೯೯೫ನೆಯ ಜುಲೈ ೧೪ರಂದು ಇಂತಹ ಫೈಲುಗಳ ಕೊನೆಗೆ 'ಎಂಪಿ೩' ಎಂಬ ಗುರುತನ್ನಿಡುವುದೆಂದು ಆ ಸಂಸ್ಥೆಯು ಗೊತ್ತುಮಾಡಿತು. ಸೆಕೆಂಡಿಗೆ ೧,೨೮,೦೦೦ ಬಿಟ್ಟುಗಳ ಪ್ರಮಾಣದಲ್ಲಿ ಬರೆದರೆ ಮೂಲದ ಹನ್ನೊಂದನೆಯ ಒಂದು ಪಾಲು ಸ್ಥಳವು ಸಾಕಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರೇ ಹೊರಡಿಸಿದ 'ವಿನ್‌ಪ್ಲೇ೩' ಎಂಬುದು ವಿಂಡೋಸ್ ಗಣಕಗಳಲ್ಲಿ ಈ ಫೈಲುಗಳನ್ನು ಓದುತ್ತಿರುವಂತೆಯೇ ನುಡಿಸಿದ ಮೊದಲನೆಯ ತಂತ್ರಾಂಶ. ಆದರೆ ಜನಸಾಮಾನ್ಯರನ್ನು ಒಲಿಸಿಕೊಂಡುದು ೧೯೯೭ರ ಏಪ್ರಿಲಿನಲ್ಲಿ ಹೊರಬಂದ 'ವಿನ್ಆಂಪ್'. ಇದರ ಕರ್ತೃಗಳು ಜಸ್ಟಿನ್ ಫ್ರಾಂಕೆಲ್ ಮತ್ತು ಡ್ಮಿಟ್ರಿ ಬೋಲ್ಡಿರೆವ್ ಎಂಬ ತರುಣರು. ನೋಟಕ್ಕೆ ಅದು ಚಿಕ್ಕದು. ಹಳೆಯ ಯಂತ್ರಗಳಲ್ಲಿಯೂ ಚುರುಕಾಗಿ ನಡೆಯುತ್ತಿದ್ದಿತು. ಹೊರವೇಷವನ್ನು ಇಷ್ಟಬಂದಂತೆ ಬದಲಾಯಿಸಬಹುದಾಗಿದ್ದಿತು. ಎಲ್ಲಕ್ಕಿಂತ ಮೇಲಾಗಿ, ಹಾಡುಗಳ ಪಟ್ಟಿಯೊಂದನ್ನು ಕೇಳುವವನೇ ಜೋಡಿಸಿ, ವರ್ಣದಿಂದ ಮಂಗಳದವರೆಗೆ ತನ್ನದೇ ಆದ ಕಚೇರಿಯನ್ನು ಏರ್ಪಡಿಸಿಕೊಳ್ಳಬಹುದಾಗಿದ್ದಿತು. ಈ ಪಟ್ಟಿಯು ಸಾಮಾನ್ಯ ಅಕ್ಷರಗಳ ಫೈಲಾಗಿದ್ದುದರಿಂದ ಬೇರೆ ತಂತ್ರಾಂಶವೂ ಅದನ್ನು ಓದಬಲ್ಲುದಾಗಿದ್ದಿತೆಂಬುದು ನೆನಪಿನಲ್ಲಿಡತಕ್ಕ ವಿಷಯ.

ವಿನ್ಆಂಪಿನ ವೈಭವವು ಬಹುಕಾಲ ನಿಲ್ಲಲಿಲ್ಲ. ೧೯೯೯ರಲ್ಲಿ ಎ.ಓ.ಎಲ್. ಎಂಬ ದೊಡ್ಡ ಸಂಸ್ಥೆಯು ಅದನ್ನು ಕೊಂಡಿತು. ೨೦೦೨ರಲ್ಲಿ ಹೊರಬಂದ ಮೂರನೆಯ ಆವೃತ್ತಿಯು ಭಾರವಾಗಿ ಮಂದಗತಿಯದಾದುದರಿಂದ ಅನೇಕರು ಎರಡನೆಯದಕ್ಕೇ ಹಿಂದಿರುಗಿದರು. ೨೦೧೩ರ ನವೆಂಬರಿನಲ್ಲಿ ಇದನ್ನು ನಿಲ್ಲಿಸಿಬಿಡುವುದಾಗಿ ಪ್ರಕಟವಾಗಿ, ಮರು ವರ್ಷದ ಜನವರಿಯಲ್ಲಿ ರೇಡಿಯೋನಮಿ ಎಂಬ ಬೇರೊಂದು ಸಂಸ್ಥೆಯ ಕೈಸೇರಿತು. ಆದರೂ ವಿನ್ಆಂಪಿಗಾಗಿ ಕೂಡಿಟ್ಟ ಎಂಪಿ೩ ಫೈಲುಗಳಲ್ಲಿ ಒಂದಾದರೂ ಇದರಿಂದ ಕೆಡಲಿಲ್ಲ. ನುಡಿಸುವ ಸಾಧನವು ಕೈಬಿಟ್ಟರೂ ಸಂಗ್ರಹವು ಉಳಿಯಿತು.

ಹಾಡು ಉಳಿದರೆ ಸಾಲದು. ಅದು ಯಾವುದೆಂಬ ಅರಿವೂ ಉಳಿಯಬೇಕು. ಓಲೆಯ ಗ್ರಂಥಕ್ಕೆ ಕೊನೆಯಲ್ಲಿ ಕರ್ತೃವಿನ ಹೆಸರೂ ಲಿಪಿಕಾರನ ಹೆಸರೂ ಇಲ್ಲದಿದ್ದರೆ ವಿದ್ವಾಂಸರು ಪಡುವ ಪಾಡು ಎಲ್ಲರಿಗೂ ತಿಳಿದುದೇ. ಎಂಪಿ೩ ಫೈಲಿಗೆ ಮೊದಲು ಇಂತಹ ಸಮಾಪ್ತಿವಾಕ್ಯವು ಇರಲೇ ಇಲ್ಲ. ೧೯೯೬ರಲ್ಲಿ ಎರಿಕ್ ಕೆಂಪ್ ಎಂಬವರು ಫೈಲಿನ ಕೊನೆಗೆ ೧೨೮ ಬೈಟುಗಳ ಒಂದು ಚೀಟಿಯನ್ನು ಅಂಟಿಸುವ ಉಪಾಯವನ್ನು ಕಂಡುಹಿಡಿದರು. ಇದಕ್ಕೆ ಐಡಿ೩ ಎಂದು ಹೆಸರು. ಹಾಡಿನ ಹೆಸರು, ಹಾಡಿದವರು, ಸಂಪುಟ, ಟಿಪ್ಪಣಿ ಇವುಗಳಿಗೆ ತಲಾ ೩೦ ಬೈಟುಗಳು, ವರ್ಷಕ್ಕೆ ೪, ಸಂಗೀತದ ಪ್ರಭೇದಕ್ಕೆ ೧, ಉಳಿದ ೩ ಚೀಟಿಯ ಗುರುತಿಗೆ.

ಈ ವ್ಯವಸ್ಥೆಯು ಪಾಶ್ಚಾತ್ಯರ ಜನಪ್ರಿಯ ಹಾಡುಗಳಿಗೆ ಸಾಕಾಯಿತೇ ಹೊರತು ಭಾರತೀಯ ಸಂಗೀತಕ್ಕೆ ಸಾಲಲಿಲ್ಲ. ರಾಗಕ್ಕೆ ಸ್ಥಳವಿಲ್ಲ, ತಾಳಕ್ಕೆ ಸ್ಥಳವಿಲ್ಲ, ವಾಗ್ಗೇಯಕಾರನಿಗೂ ಸ್ಥಳವಿಲ್ಲ. ಪ್ರಭೇದಗಳ ಮೊದಲನೆಯ ಪಟ್ಟಿಯಲ್ಲಿ ಎಂಬತ್ತು ಹೆಸರುಗಳಿದ್ದರೂ ಅವುಗಳಲ್ಲಿ ಕರ್ಣಾಟಕ ಸಂಗೀತವಾಗಲಿ ಹಿಂದುಸ್ತಾನಿ ಸಂಗೀತವಾಗಲಿ ಇರಲಿಲ್ಲ. ಇನ್ನು ಲಿಪಿಯ ವಿಚಾರ. ಈಗ ರೂಢಿಯಲ್ಲಿರುವ ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟುಗಳು ಬೇಕು. 'ಪುರಂದರದಾಸರು' ಎಂಬ ಪದದಲ್ಲಿ, ಸ್ವರಚಿಹ್ನೆಗಳನ್ನೂ ಅನುಸ್ವಾರವನ್ನೂ ಬೇರೆಬೇರೆಯಾಗಿ ಎಣಿಸಿದರೆ, ಹನ್ನೊಂದು ಚಿಹ್ನೆಗಳಿರುವುವು; ಅಂದರೆ ೩೩ ಬೈಟುಗಳು. ದಾಸಶ್ರೇಷ್ಠರ ಹೆಸರೇ ಆ ಚೀಟಿಯ ಮನೆಯಲ್ಲಿ ಹಿಡಿಯಲಾರದೆ ಹೋಯಿತು!

೧೯೯೮ರಲ್ಲಿ ರಚಿತವಾದ ಎರಡನೆಯ ಐಡಿ೩ ಕ್ರಮದಲ್ಲಿ ಈ ಕುಂದುಗಳು ಬಹುಮಟ್ಟಿಗೆ ನೀಗಿದುವು. ಅದರಲ್ಲಿ ಮೂವತ್ತು ಬೈಟುಗಳ ಮಿತಿಯಿಲ್ಲ. ಸಕಲ ಲಿಪಿಗಳನ್ನೂ ಒಳಗೊಳ್ಳುವ ಯೂನಿಕೋಡಿಗೆ ಎಡೆಯುಂಟು. ರಚನಕಾರನಿಗೆ ಪ್ರತ್ಯೇಕ ಸ್ಥಾನವುಂಟು. ಬಳಸುವವನು ರಾಗ, ತಾಳ ಎಂದು ತನ್ನದೇ ಶೀರ್ಷಿಕೆಗಳನ್ನು ಸೇರಿಸಿಕೊಳ್ಳಲೂ ಅವಕಾಶವುಂಟು. ಆದರೆ ಎಲ್ಲ ತಂತ್ರಾಂಶಗಳೂ ಈ ಶೀರ್ಷಿಕೆಗಳನ್ನು ತೋರಿಸುವುದಿಲ್ಲ. ಹಳೆಯ ಕ್ಯಾಸೆಟ್ಟುಗಳಲ್ಲಿದ್ದ ಅಜ್ಜಿಯ ಸಂಪ್ರದಾಯದ ಹಾಡುಗಳನ್ನೋ, ಊರಿನ ಗಮಕಿಗಳ ವಾಚನವನ್ನೋ ಗಣಕಕ್ಕೆ ಇಳಿಸಿಟ್ಟ ಮನೆಯವರು, 'ಟ್ರ್ಯಾಕ್ ೧', 'ಟ್ರ್ಯಾಕ್ ೨' ಎಂದಷ್ಟೇ ಬರೆದಿಟ್ಟರೆ, ಕಂಠವನ್ನು ಗುರುತಿಸಬಲ್ಲ ಹಿರಿಯರು ಕಣ್ಮರೆಯಾದಮೇಲೆ ಆ ಸಂಗ್ರಹವು ಅನಾಮಧೇಯವಾಗುವುದು. ಅಂಗಡಿಯಲ್ಲಿ ದೊರೆಯುವ ಹಾಡನ್ನು ಪುನಃ ಕೊಳ್ಳಬಹುದು. ಇದನ್ನು ಎಲ್ಲಿ ಕೊಳ್ಳುವುದು?

ಇದಂತಿರಲಿ. ೨೦೦೦ದಲ್ಲಿ ಆಪಲ್ ಸಂಸ್ಥೆಯು 'ಸೌಂಡ್‌ಜ್ಯಾಮ್' ಎಂಬ ತಂತ್ರಾಂಶವನ್ನು ಕೊಂಡು, ಅದನ್ನು ಮಾರ್ಪಡಿಸಿ, ೨೦೦೧ನೆಯ ಜನವರಿಯಲ್ಲಿ 'ಐಟ್ಯೂನ್ಸ್' ಎಂದು ಹೊರಡಿಸಿತು. ಹಾಡುಗಳನ್ನು ನುಡಿಸುವುದು ಮಾತ್ರವಲ್ಲದೆ ಅವುಗಳನ್ನು ಗ್ರಂಥಭಂಡಾರದಂತೆ ವಿಂಗಡಿಸಿಡುವುದೂ ಇದರ ಕೆಲಸವಾಯಿತು. ೨೦೦೩ರ ಏಪ್ರಿಲಿನಲ್ಲಿ ಅದರೊಳಗೇ ಅಂಗಡಿಯೂ ತೆರೆಯಿತು. ಅಲ್ಲಿ ಕೊಂಡ ಹಾಡುಗಳಿಗೆ ಬೀಗವಿದ್ದಿತು. ಅನುಮತಿ ಪಡೆದ ಯಂತ್ರಗಳಲ್ಲಿ ಮಾತ್ರ ಅವು ನುಡಿಯುತ್ತಿದ್ದುವು. ಮೈಕ್ರೋಸಾಫ್ಟ್ ಸಂಸ್ಥೆಯೂ ೨೦೦೪ರಲ್ಲಿ ಬೀಗವುಳ್ಳ ಹಾಡುಗಳ ಅಂಗಡಿಯೊಂದನ್ನು ತೆರೆದು ೨೦೦೬ರಲ್ಲಿ ಮುಚ್ಚಿತು. ೨೦೦೮ರ ಏಪ್ರಿಲಿನಲ್ಲಿ, ಅದೇ ಆಗಸ್ಟ್ ೩೧ರ ತರುವಾಯ ಹೊಸ ಯಂತ್ರಗಳಿಗೆ ಬೀಗದ ಕೈಯನ್ನು ಕೊಡಲಾಗುವುದಿಲ್ಲವೆಂದು ಕೊಂಡವರಿಗೆ ತಿಳಿಸಿತು. ಆಕ್ಷೇಪವು ಬಲವಾಗಲು, ಈ ಗಡುವನ್ನು ೨೦೧೧ರ ಕೊನೆಯವರೆಗೆ ಮುಂದಕ್ಕೆ ಹಾಕಿತು. ಹಣವನ್ನು ತೆತ್ತು ಕೊಂಡ ಹಾಡು ತನ್ನದಲ್ಲವೆಂಬುದು ಜನರಿಗೆ ಮನದಟ್ಟಾದುದು ಆಗಲೇ. ೨೦೦೯ರಲ್ಲಿ ಆಪಲ್ ಸಂಸ್ಥೆಯು ಸಂಗೀತದ ಬೀಗಗಳನ್ನು ತೆಗೆಯಿತು. ೨೦೧೯ರಲ್ಲಿ ತನ್ನ ಮ್ಯಾಕ್ ಗಣಕಗಳಲ್ಲಿ ಐಟ್ಯೂನ್ಸನ್ನೂ ವಿಭಾಗಿಸಿ ಬೇರೆ ಹೆಸರುಗಳಿಂದ ಕರೆಯಿತು.

ಈ ಮಧ್ಯೆ ಬೇರೊಂದು ಪಂಥವು ಬೆಳೆಯುತ್ತಲಿದ್ದಿತು. ಎಂಪಿ೩ ಕ್ರಮವು ಪೇಟೆಂಟಿನ ಹಕ್ಕಿಗೆ ಒಳಪಟ್ಟಿದ್ದಿತು. ೧೯೯೮ರಲ್ಲಿ ಫ್ರೌನ್‌ಹೋಫರ್ ಸಂಸ್ಥೆಯು ತಂತ್ರಾಂಶಕಾರರಿಂದ ಪರವಾನಗಿಯ ಹಣವನ್ನು ಕೇಳತೊಡಗಿದಾಗ, ಯಾರ ಹಂಗೂ ಇಲ್ಲದ ಕ್ರಮಗಳನ್ನು ನಿರ್ಮಿಸುವ ಯತ್ನವು ಚುರುಕಾಯಿತು. ಇದರ ಫಲವಾಗಿ 'ವಾರ್ಬಿಸ್' ಕ್ರಮವು ೨೦೦೨ರಲ್ಲಿ ಪೂರ್ಣರೂಪವನ್ನು ತಾಳಿತು. ಇದಕ್ಕೆ ಒಂದು ವರ್ಷ ಮುಂಚೆಯೇ ಜೋಶ್ ಕೋಲ್ಸನ್ ಎಂಬವರು 'ಫ್ಲ್ಯಾಕ್' ಎಂಬ ಮುಕ್ತ ಕ್ರಮವನ್ನು ಸಿದ್ಧಪಡಿಸಿದ್ದರು. ಎಂಪಿ೩ ಸಂಗ್ರಹಪಾಠವಾದರೆ ಫ್ಲ್ಯಾಕ್ ಮೂಲಪಾಠ. ಸ್ಥಳವು ಸುಮಾರು ಅರ್ಧಕ್ಕೆ ಇಳಿದರೂ ಧ್ವನಿಯ ಒಂದು ಬಿಟ್ಟಾದರೂ ಲುಪ್ತವಾಗದು. ಎಂಪಿ೩ರ ಪರವಾನಗಿಯ ವ್ಯವಸ್ಥೆಯೂ ೨೦೧೭ರ ಏಪ್ರಿಲಿನಲ್ಲಿ ಮುಕ್ತಾಯವಾಯಿತು.

ನುಡಿಸುವ ತಂತ್ರಾಂಶಗಳಲ್ಲಿಯೂ ಇದೇ ಪ್ರವೃತ್ತಿಯು ಕಂಡುಬಂದಿತು. ಪ್ಯಾರಿಸ್ಸಿನ ವಿದ್ಯಾರ್ಥಿಗಳು ಆರಂಭಿಸಿದ 'ವಿಎಲ್‌ಸಿ' ತಂತ್ರಾಂಶವು ೨೦೦೧ರಲ್ಲಿ ಎಲ್ಲರೂ ತಿದ್ದಬಹುದಾದ ಮುಕ್ತ ಕೃತಿಯಾಯಿತು. ವಿನ್ಆಂಪಿಗಾಗಿ ಹಿಂದೆ ದುಡಿದಿದ್ದ ಪೀಟರ್ ಪಾವ್ಲೋವ್‌ಸ್ಕಿ ಎಂಬವರು ೨೦೦೨ರ ಡಿಸೆಂಬರಿನಲ್ಲಿ 'ಫೂಬಾರ್೨೦೦೦' ಎಂಬುದನ್ನು ಹೊರಡಿಸಿದರು. ಇದರ ಮುಖದಲ್ಲಿ ಬೆಡಗಿಲ್ಲ. ಆದರೆ ಎರಡು ಫೈಲುಗಳ ನಡುವೆ ಬಿಡುವು ಬಾರದಂತೆ ನುಡಿಸುವುದರಲ್ಲಿ ಇದು ಹೆಸರಾಯಿತು. ಎಂಪಿ೩ರಲ್ಲಿ ಧ್ವನಿಯು ೧,೧೫೨ ಅಳತೆಗಳ ತುಂಡುಗಳಾಗಿ ಬರೆಯಲ್ಪಡುವುದು. ಕೊನೆಯ ತುಂಡು ತುಂಬದಿದ್ದರೆ ಮೌನದಿಂದ ಅದನ್ನು ಭರ್ತಿಮಾಡುವರು. ಮೂರು ನಿಮಿಷದ ಬಿಡಿ ಹಾಡಿಗೆ ಇದರಿಂದ ಬಾಧಕವಿಲ್ಲ. ರಾಗ, ತಾನ, ಪಲ್ಲವಿಯನ್ನು ಮೂರು ಫೈಲುಗಳಾಗಿ ಒಡೆದಿದ್ದರೆ ಮಾತ್ರ, ತಂಬೂರಿಯ ಶ್ರುತಿಯು ನಡುವೆ ಕಡಿದುಹೋಗಿ ರಸಭಂಗವಾಗುವುದು.

ಈಚೆಗೆ ಅಂತರಜಾಲದ ಮೂಲಕ ಹಾಡುಗಳನ್ನು ಹರಿಸುವ ಸೇವೆಗಳು ಪ್ರಬಲವಾಗಿರುವುವು; ೨೦೦೮ರಲ್ಲಿ ಆರಂಭವಾದ ಸ್ಪಾಟಿಫೈ ೨೦೧೯ರಲ್ಲಿ ಭಾರತಕ್ಕೂ ಬಂದಿತು. ಅಪರಿಮಿತವಾದ ಸಂಗೀತವು ಕ್ಷಣಮಾತ್ರದಲ್ಲಿ ದೊರೆಯುವುದು ದೊಡ್ಡ ಸೌಕರ್ಯವೇ ಸರಿ. ಆದರೆ ಅಲ್ಲಿ ಮನೆಯವರ ಕೈಯಲ್ಲಿ ಉಳಿಯುವುದು ಕೇಳುವ ಅನುಮತಿಯೇ ಹೊರತು ಹಾಡಲ್ಲ. ಹಕ್ಕುದಾರರ ಒಪ್ಪಂದವು ಮುಗಿದರೆ, ನಿನ್ನೆ ಕೇಳಿದ ಹಾಡು ಇಂದು ಪಟ್ಟಿಯಲ್ಲಿ ಇಲ್ಲದಿರಬಹುದು.

ಮೇಲ್ಕಂಡ ವೃತ್ತಾಂತದಿಂದ ತಂತ್ರಾಂಶವನ್ನು ಆರಿಸುವ ಲಕ್ಷಣಗಳು ತಾವಾಗಿಯೇ ಏರ್ಪಡುವುವು. ಮೊದಲನೆಯದಾಗಿ, ಹಾಡಿಗೆ ಸಂಬಂಧಿಸಿದ ಹೆಸರುಗಳನ್ನು ಅದು ತನ್ನ ಗುಪ್ತ ಭಂಡಾರದಲ್ಲಿ ಮಾತ್ರವಲ್ಲದೆ ಫೈಲಿನೊಳಗೇ, ಕನ್ನಡ ಲಿಪಿಯಲ್ಲಿಯೂ, ಬರೆಯಬೇಕು. ಎರಡನೆಯದಾಗಿ, ಫ್ಲ್ಯಾಕ್ ಮೊದಲಾದ ಮುಕ್ತ ಕ್ರಮಗಳನ್ನು ನುಡಿಸಬೇಕು. ಮೂರನೆಯದಾಗಿ, ಜೋಡಿಸಿದ ಪಟ್ಟಿಯನ್ನು ಬೇರೆ ತಂತ್ರಾಂಶವು ಓದಬಲ್ಲ ಸಾಮಾನ್ಯ ಫೈಲಾಗಿ ಹೊರಕ್ಕೆ ಕೊಡಬೇಕು. ನಾಲ್ಕನೆಯದಾಗಿ, ಬಿಡುವಿಲ್ಲದೆ ನುಡಿಸಬೇಕು. ಅಂದಚಂದವೂ ವೇಷವೈವಿಧ್ಯವೂ ಇವುಗಳ ತರುವಾಯದವು. ಎಲ್ಲ ಲಕ್ಷಣಗಳಿಂದಲೂ ಕೂಡಿದ ತಂತ್ರಾಂಶವೂ ಒಂದು ದಿನ ನಿಂತುಹೋಗಬಹುದು. ಆಗ ಗೃಹಸ್ಥನು ಚಿಂತೆಯಿಲ್ಲದೆ ಮತ್ತೊಂದನ್ನು ತಂದುಕೊಳ್ಳುವಂತಿದ್ದರೆ ಅವನ ಆಯ್ಕೆಯು ಸರಿಯಾಗಿದ್ದಿತೆಂದೇ ತಿಳಿಯಬೇಕು.

ದೀಪವು ಕೋಣೆಯಲ್ಲಿರುವ ಗಡಿಗೆಯನ್ನು ತೋರಿಸುವುದೇ ಹೊರತು ಗಡಿಗೆಯನ್ನು ಹುಟ್ಟಿಸುವುದಿಲ್ಲವೆಂದು ಶಾಸ್ತ್ರಕಾರರು ದೃಷ್ಟಾಂತವನ್ನು ಕೊಡುವರು. ನುಡಿಸುವ ತಂತ್ರಾಂಶವು ಇಂತಹ ದೀಪ. ಎಣ್ಣೆ ತೀರಿದ ದೀಪದ ಸ್ಥಾನದಲ್ಲಿ ಬೇರೆ ದೀಪವನ್ನಿಡಬಹುದು. ಕತ್ತಲೆಯಲ್ಲಿ ಗಡಿಗೆಯು ಒಡೆಯದಂತೆಯೂ, ಅದರ ಮೇಲಿನ ಹೆಸರು ಅಳಿಸದಂತೆಯೂ ನೋಡಿಕೊಳ್ಳುವುದು ಮಾತ್ರ ಮನೆಯವರ ಕರ್ತವ್ಯ.